ಜಿಯೋಲೈಟ್ ಒಳಗೆ ಅಣುಗಳ ಓಡಾಟ

(ಮಂಗಳೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನವರು ಈ ಬಿಳಿ ಜಿಯೋಲೈಟ್ ಗೋಲಿಗಳಲ್ಲಿ ಒಂದೆರಡನ್ನು ಅಂಗೈಗೆ ಹಾಕಿಕೊಳ್ಳಿ. ಈಗ ಒಂದು ಹನಿ ನೀರು ಬಿಡುತ್ತೇನೆ. ಬಿಸಿ ಆಯ್ತು ಅಲ್ವಾ? ಗೋಲಿಯೊಳಗಿನ ಗೋಡೆಗಳಿಗೆ ನೀರಿನ ಅಣುಗಳು ಅಂಟಿದಾಗ ಹೊರಬಿದ್ದ ಶಾಖ ಇದು. ಹೀಗೆ ಅಂಟುವುದೇ ಅಧಿಶೋಷಣೆ. ಫ್ರಿಜ್ ರಿಪೇರಿಯವರು ಬದಲಿಸುವ ಫಿಲ್ಟರ್ ಡ್ರೈಯರ್ ಒಳಗೂ ಇಂಥವೇ ಗೋಲಿಗಳಿರುತ್ತವೆ. ನಮ್ಮೂರಿನ ಮಳೆಗಾಲದಲ್ಲಿ ಡಬ್ಬ ತೆರೆದಿಟ್ಟರೆ ಈ ಪ್ರಯೋಗ ಕೆಟ್ಟಿತು. ಗಾಳಿಯ ತೇವವನ್ನೇ ಕುಡಿದು ಕೂತಿರುತ್ತವೆ.

ಜಿಯೋಲೈಟ್ ಎಂದರೆ ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್ ಸೇರಿ ಕಟ್ಟಿದ ಹರಳು. ಉದ್ದಕ್ಕೂ ಅಣುಗಾತ್ರದ ಕಿಂಡಿ, ಗೂಡುಗಳು. ಅಲ್ಯೂಮಿನಿಯಂ ಇರುವಲ್ಲಿ ಚೌಕಟ್ಟಿಗೆ ಋಣ ವಿದ್ಯುದಂಶ. ಅದನ್ನು ಸರಿದೂಗಿಸಲು ಸೋಡಿಯಂನಂಥ ಧನ ಅಯಾನುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಪರಮಾಣುಗಳು, ಗೂಡಿನಲ್ಲಿರುತ್ತವೆ. ಈ ಅಯಾನುಗಳನ್ನು ಮರೆಯಬೇಡಿ.

ಮಾರುಕಟ್ಟೆಯಲ್ಲಿ ಇದನ್ನು ಮಾಲಿಕ್ಯುಲರ್ ಸೀವ್ ಎನ್ನುತ್ತಾರೆ, ಅಂದರೆ ಅಣುಗಳ ಜರಡಿ. ಅದು ಅರ್ಧ ನಿಜ ಅಷ್ಟೇ. ಗಾಳಿಯಿಂದ ಸಾರಜನಕ ತೆಗೆದು ಆಮ್ಲಜನಕ ಕೊಡುವ ಆಸ್ಪತ್ರೆಯ ಆಕ್ಸಿಜನ್ ಘಟಕವನ್ನೇ ನೋಡಿ. ಅಲ್ಲಿ ಬಳಸುವ 13ಎಕ್ಸ್ ಜಿಯೋಲೈಟ್‌ನ ಕಿಂಡಿ ಸುಮಾರು 0.74 ನ್ಯಾನೋಮೀಟರ್. ಸಾರಜನಕದ ಅಣು 0.36, ಆಮ್ಲಜನಕದ್ದು 0.35. ಎರಡೂ ಸಲೀಸಾಗಿ ಒಳಗೆ ಹೋಗುತ್ತವೆ. ಆದರೆ ಸಾರಜನಕದ ಎಲೆಕ್ಟ್ರಾನ್ ಹಂಚಿಕೆ ಹೇಗಿದೆ ಎಂದರೆ, ಧನ ಅಯಾನುಗಳು ಅದನ್ನು ಜಾಸ್ತಿ ಎಳೆಯುತ್ತವೆ. ಒತ್ತಡ ಏರಿಸಿದಾಗ ಸಾರಜನಕ ಅಂಟುತ್ತದೆ, ಆಮ್ಲಜನಕ ಮುಂದೆ ಹೋಗುತ್ತದೆ. ಒತ್ತಡ ಇಳಿಸಿದರೆ ಸಾರಜನಕ ಬಿಟ್ಟುಕೊಳ್ಳುತ್ತದೆ. ಇಲ್ಲಿ ಜರಡಿಯ ಕೆಲಸ ಏನೂ ಇಲ್ಲ.

ಇನ್ನು ಪ್ಯಾರಾಕ್ಸೈಲೀನ್. ಪಾಲಿಯೆಸ್ಟರ್ ಬಟ್ಟೆಯ ಮೂಲವಸ್ತು. ಮಂಗಳೂರಿನಲ್ಲೇ ತಯಾರಾಗುತ್ತದೆ. ಅದನ್ನು ಮಾಡುತ್ತಿದ್ದ ಒಎಂಪಿಎಲ್ ಕಂಪನಿ 2022ರಲ್ಲಿ ಇಲ್ಲಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಜೊತೆ ವಿಲೀನವಾಯಿತು. ಪ್ಯಾರಾ ಕುದಿಯುವುದು ಸುಮಾರು 138 ಡಿಗ್ರಿಯಲ್ಲಿ, ಅವೇ ಪರಮಾಣುಗಳು ಬೇರೆ ರೀತಿ ಜೋಡಣೆಯಾದ ಅದರ ಅಣ್ಣತಮ್ಮ ಮೆಟಾ 139ರಲ್ಲಿ. ಬಟ್ಟಿ ಇಳಿಸಿ ಬೇರ್ಪಡಿಸುವುದು ಆಗದ ಮಾತು. ದೊಡ್ಡ ಕಿಂಡಿಯ ಫೋಜಸೈಟ್ ಜಾತಿಯ ಜಿಯೋಲೈಟ್ ಬಳಸಿದರೆ ಈ ಅಣ್ಣತಮ್ಮಂದಿರೆಲ್ಲ ಒಳಗೆ ಹೋಗುತ್ತಾರೆ. ಸರಿಯಾದ ಅಯಾನು ತುಂಬಿದ್ದರೆ ಪ್ಯಾರಾ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. 0.55 ನ್ಯಾನೋಮೀಟರ್ ಕಿಂಡಿಯ ಝಡ್‌ಎಸ್‌ಎಂ-5 ಎಂಬ ಜಿಯೋಲೈಟ್‌ನಲ್ಲಿ ಕಥೆಯೇ ಬೇರೆ. ಅಲ್ಲಿ ಸಪೂರ ಪ್ಯಾರಾ ಉಳಿದವಕ್ಕಿಂತ ಸಾವಿರ ಪಟ್ಟಿನಷ್ಟು ಬೇಗ ಜಾರುತ್ತದೆ. ಉಳಿದವು ಒಳಗೇ ಸಿಕ್ಕಿ, ರೂಪ ಬದಲಿಸಿ, ಪ್ಯಾರಾ ಆಗಿ ಹೊರಬರುತ್ತವೆ. ಮೊದಲನೆಯದರಲ್ಲಿ ಗೆದ್ದದ್ದು ಅಂಟು, ಎರಡನೆಯದರಲ್ಲಿ ಓಟ.

ಹಾಗಾದರೆ ಅಣು ದಪ್ಪವಾದಷ್ಟೂ ನಿಧಾನವೇ? ಇಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಯಶೋನಾಥ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕಂಪ್ಯೂಟರ್ ಲೆಕ್ಕಾಚಾರಗಳಲ್ಲಿ ಅಣುವಿನ ಗಾತ್ರವನ್ನು ಹಿಗ್ಗಿಸುತ್ತ ಹೋದರು. ವಿಸರಣೆಯ, ಅಂದರೆ ಅಣುಗಳು ಅತ್ತಿತ್ತ ಅಲೆಯುತ್ತ ಹರಡುವುದರ ವೇಗ ಮೊದಲು ಇಳಿಯಿತು. ಗಾತ್ರ ಕಿಂಡಿಗೆ ಹತ್ತಿರವಾದಾಗ ಮತ್ತೆ ಏರಿತು! ಚಿಕ್ಕ ಅಣುವನ್ನು ಯಾವುದೋ ಒಂದು ಗೋಡೆ ಎಳೆದು ಹಿಡಿಯುತ್ತದೆ. ಕಿಂಡಿಗೆ ಸರಿಯಾಗಿ ಕೂರುವ ಅಣುವನ್ನು ಎಲ್ಲ ಕಡೆಯಿಂದಲೂ ಸಮನಾಗಿ ಎಳೆದರೆ ಎಳೆತಗಳು ಒಂದನ್ನೊಂದು ರದ್ದುಮಾಡುತ್ತವೆ. ಅಣು ತೇಲಿದಂತೆ ದಾಟುತ್ತದೆ. ಇದಕ್ಕೆ ಲೆವಿಟೇಶನ್ ಎಫೆಕ್ಟ್ ಎಂದು ಹೆಸರು.

ಒಂದು ಅಣು ಒಂಟಿಯಾಗಿದ್ದರೆ ಹೀಗೆ. ಇಕ್ಕಟ್ಟಾದ ನೇರ ಸುರಂಗದಲ್ಲಿ ಗುಂಪು ತುಂಬಿದರೆ ಶಿರಾಡಿ ಘಾಟಿಯಲ್ಲಿ ಗ್ಯಾಸ್ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡ ಹಾಗೆ. ಓವರ್‌ಟೇಕ್ ಇಲ್ಲ. ಮಾಮೂಲಿ ವಿಸರಣೆಯಲ್ಲಿ ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಸಮಯ ಬೇಕು. ಈ ಒಂಟಿ ಸಾಲಿನಲ್ಲಿ ಹದಿನಾರು ಪಟ್ಟು. ಅದಕ್ಕೇ ಜಿಯೋಲೈಟ್‌ನಿಂದ ವೇಗವರ್ಧಕ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಮಾಡುವವರು ಅಣು ದಾಟಬೇಕಾದ ದೂರ ಕಡಿಮೆಯಾಗಲಿ ಎಂದು ಹರಳನ್ನು ಆದಷ್ಟು ಚಿಕ್ಕದಾಗಿ ಬೆಳೆಸುತ್ತಾರೆ. ಕೆಲವೊಮ್ಮೆ ಬೆಳೆದ ಹರಳಿನಲ್ಲಿ ಬೇಕೆಂದೇ ದೊಡ್ಡ ರಂಧ್ರಗಳನ್ನೂ ಕೊರೆಯುತ್ತಾರೆ.

ಪ್ರಶ್ನೆಗಳಿದ್ದರೆ ಕೇಳಿ.