ಯಂತ್ರಕ್ಕಿಂತ ಮೊದಲು ಟ್ಯೂಬು: ರಕ್ತದಲ್ಲಿ ಮದ್ಯ ಮತ್ತು ಔಷಧ ಪತ್ತೆಯಾಗುವ ಬಗೆ

[ದೃಶ್ಯ: ಬೂದು ಮತ್ತು ಹಸಿರು ಮುಚ್ಚಳದ ಎರಡು ರಕ್ತದ ಟ್ಯೂಬುಗಳು]

ನಮಸ್ಕಾರ. ಬೂದು ಮುಚ್ಚಳದ ಈ ಟ್ಯೂಬಿನ ತಳವನ್ನು ಹತ್ತಿರದಿಂದ ನೋಡಿದರೆ ಚಿಟಿಕೆಯಷ್ಟು ಬಿಳಿಯ ಪುಡಿ ಕಾಣಿಸುತ್ತದೆ. ಅದರಲ್ಲಿರುವುದು ಪೊಟ್ಯಾಸಿಯಂ ಆಕ್ಸಲೇಟ್ ಮತ್ತು ಸೋಡಿಯಂ ಫ್ಲೋರೈಡ್. ಆಕ್ಸಲೇಟ್ ರಕ್ತ ಹೆಪ್ಪುಗಟ್ಟದಂತೆ ತಡೆದರೆ, ಮಾದರಿಯೊಳಗೆ ಸೇರಿಕೊಂಡ ಸೂಕ್ಷ್ಮಜೀವಿಗಳು ರಕ್ತದ ಸಕ್ಕರೆಯನ್ನು ಹುದುಗಿಸಿ, ಕುಡಿಯದವರ ರಕ್ತದಲ್ಲೂ ಆಲ್ಕೊಹಾಲ್ ಹುಟ್ಟಿಸದಂತೆ ಕಾಯುವುದು ಫ್ಲೋರೈಡಿನ ಕೆಲಸ. ಬೇಸಿಗೆಯ ರಾತ್ರಿ ಹೊರಗಿಟ್ಟ ದೋಸೆಹಿಟ್ಟು ಬೆಳಗಾಗುವಷ್ಟರಲ್ಲಿ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಆಲ್ಕೊಹಾಲೂ ಮಾದರಿಗೆ ಸೇರದಿರಲೆಂದು, ಮದ್ಯದ ಪರೀಕ್ಷೆಗೆ ರಕ್ತ ತೆಗೆಯುವಾಗ ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು.

ಭಾರತದ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ, ವಾಹನ ಚಲಾಯಿಸುವವರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೊಹಾಲ್ ಇದ್ದರೆ ಅದು ಅಪರಾಧ. ಇಷ್ಟು ಸಣ್ಣ ಅಂಕಿಯ ಮೇಲೆ ಶಿಕ್ಷೆ ನಿಂತಿರುವಾಗ ಅಳತೆಯೂ ಅಷ್ಟೇ ಬಿಗಿಯಾಗಿರಬೇಕು.

[ದೃಶ್ಯ: ಮುಚ್ಚಿದ ಪುಟ್ಟ ಗಾಜಿನ ಸೀಸೆ, ಆವಿಯನ್ನು ಹೀರುವ ಸೂಜಿ]

ವಿಧಿವಿಜ್ಞಾನ ಪ್ರಯೋಗಾಲಯಗಳು ಇದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಫಿಯನ್ನು ನೆಚ್ಚಿಕೊಂಡಿವೆ. ರಕ್ತದ ಒಂದು ಪಾಲಿಗೆ, ಹೋಲಿಕೆಗಾಗಿ ಗೊತ್ತಾದ ಪ್ರಮಾಣದ ಪ್ರೊಪನಾಲ್ ಬೆರೆಸಿ, ಸೀಸೆಯನ್ನು ಭದ್ರವಾಗಿ ಮುಚ್ಚಿ ಬಿಸಿಮಾಡುತ್ತಾರೆ. ಯಂತ್ರ ರಕ್ತವನ್ನು ಮುಟ್ಟುವುದೇ ಇಲ್ಲ. ಅದರ ಮೇಲೆ ಸೇರಿದ ಆವಿಯನ್ನಷ್ಟೇ ಹೀರಿ ಕೂದಲೆಳೆಯಂಥ ಉದ್ದನೆಯ ಕೊಳವೆಯೊಳಗೆ ಹಾಯಿಸುತ್ತದೆ. ಎಥನಾಲ್, ಮೆಥನಾಲ್, ಅಸಿಟೋನ್ ಒಂದೊಂದೂ ತನ್ನದೇ ಹೊತ್ತಿಗೆ ಹೊರಬೀಳುವುದರಿಂದ, ಮಧುಮೇಹಿಯ ರಕ್ತದಲ್ಲಿರಬಹುದಾದ ಅಸಿಟೋನನ್ನು ಮದ್ಯವೆಂದು ತಪ್ಪು ತಿಳಿಯುವ ಸಂಭವ ಕಡಿಮೆ.

ಆಸ್ಪತ್ರೆಯ ದಾರಿ ಬೇರೆ. ಅಲ್ಲಿ ಒಂದು ಕಿಣ್ವ ಆಲ್ಕೊಹಾಲನ್ನು ಮಾರ್ಪಡಿಸುವಾಗ ಹುಟ್ಟುವ ಎನ್‌ಎಡಿಎಚ್ ಎಂಬ ವಸ್ತು 340 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುತ್ತಾರೆ. ಚಿಕಿತ್ಸೆಗೆ ಇದು ಸಾಕು. ಆದರೆ ಅವರು ಅಳೆಯುವುದು ಸಾಮಾನ್ಯವಾಗಿ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು. ಅದರಲ್ಲಿ ನೀರಿನಂಶ ಹೆಚ್ಚಿರುವುದರಿಂದ ಅಂಕಿಯೂ ಇಡಿಯ ರಕ್ತದ್ದಕ್ಕಿಂತ ಹೆಚ್ಚು ಬರುತ್ತದೆ. ಆ ಅಂಕಿಯನ್ನು ಹಾಗೆಯೇ ಕೋರ್ಟಿಗೆ ಒಯ್ಯುವುದು ನ್ಯಾಯವಲ್ಲ.

[ದೃಶ್ಯ: ಹಸಿರು ಮುಚ್ಚಳದ ಟ್ಯೂಬು]

ಇನ್ನು ಔಷಧಗಳು. ಎಲ್ಲ ಔಷಧಗಳನ್ನೂ ಒಟ್ಟಿಗೆ ಹಿಡಿಯುವ ಒಂದೇ ಪರೀಕ್ಷೆಯಿಲ್ಲ. ಯಾವುದನ್ನು ಹುಡುಕಬೇಕೆಂದು ವೈದ್ಯರು ಬರೆಯಬೇಕು. ಮೊದಲ ಜಾಲಾಟ ಪ್ರತಿಕಾಯಗಳಿಂದ ನಡೆಯುತ್ತದೆ, ಆದರೆ ರಚನೆ ಹೋಲುವ ಬೇರೆ ಅಣುಗಳಿಗೂ ಅವು ಅಂಟಿಕೊಳ್ಳುವುದುಂಟು. ಆದ್ದರಿಂದ ಸಂಶಯವಿದ್ದಲ್ಲಿ ಅಣುವನ್ನು ಒಡೆದು ಚೂರುಗಳ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಖಚಿತಪಡಿಸಿಕೊಳ್ಳುತ್ತಾರೆ.

ಮನೋರೋಗ ಚಿಕಿತ್ಸೆಯಲ್ಲಿ ಬಳಸುವ ಲಿಥಿಯಂನ ಮಟ್ಟ ಲೀಟರಿಗೆ ಸುಮಾರು 0.6ರಿಂದ 1.2 ಮಿಲಿಮೋಲ್ ಒಳಗಿರಬೇಕು. ಅದಕ್ಕಾಗಿ ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಹಸಿರು ಮುಚ್ಚಳದ ಹಲವು ಟ್ಯೂಬುಗಳೊಳಗೆ ಲೇಪಿಸಿರುವುದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಲಿಥಿಯಂ ಹೆಪಾರಿನ್. ಅಂಥದ್ದರಲ್ಲಿ ರಕ್ತ ತುಂಬಿದರೆ, ಮಾತ್ರೆ ಮುಟ್ಟದವರ ವರದಿಯಲ್ಲೂ ಗಾಬರಿ ಹುಟ್ಟಿಸುವ ಅಂಕಿ ಮೂಡಬಹುದು.

ಪ್ಯಾರಸಿಟಮಾಲ್ ಮಿತಿಮೀರಿ ನುಂಗಿದವರ ವಿಷಯದಲ್ಲಂತೂ ಹೊತ್ತೇ ಮುಖ್ಯ. ನುಂಗಿ 4 ಗಂಟೆ ಕಳೆಯುವ ಮೊದಲು ತೆಗೆದ ರಕ್ತದ ಮಟ್ಟದಿಂದ ಅಪಾಯವನ್ನು ಅಳೆಯಲಾಗದು; ಆಮೇಲಿನ ಮಟ್ಟವನ್ನು, ಕಳೆದ ಗಂಟೆಗಳ ಲೆಕ್ಕದೊಡನೆ ನಕ್ಷೆಯಲ್ಲಿ ಗುರುತಿಸಿ, ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಕೊಡಬೇಕೇ ಎಂದು ನಿರ್ಧರಿಸುತ್ತಾರೆ. ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ ಎಂದು ವೈದ್ಯರು ಮತ್ತೆ ಮತ್ತೆ ಕೇಳುವುದು ಇದಕ್ಕೇ.