ಅತಿಶೀತದಲ್ಲಿ ಉಕ್ಕು, ಅಲ್ಯೂಮಿನಿಯಂ ಮತ್ತು ಗಾಜಿನ ನಾರು

ಮಾನ್ಯ ಸಭಿಕರೆ,

ವಿನ್ಯಾಸದ ಕೈಪಿಡಿಗಳು ಸಾಮಾನ್ಯವಾಗಿ ಸ್ಟೇನ್‌ಲೆಸ್ ಉಕ್ಕಿನ ಉಷ್ಣವಾಹಕತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳಿ ಮುಗಿಸುತ್ತವೆ: ಮೀಟರ್-ಕೆಲ್ವಿನ್ನಿಗೆ ಸುಮಾರು 15 ವ್ಯಾಟ್. ಇದು ಕೋಣೆಯ ಉಷ್ಣತೆಯ ಮಾತು. ದ್ರವ ಸಾರಜನಕ ಕುದಿಯುವ 77 ಕೆಲ್ವಿನ್‌ನಲ್ಲಿ ಅದು 8ರ ಹತ್ತಿರಕ್ಕೂ, ದ್ರವ ಹೀಲಿಯಂನ 4 ಕೆಲ್ವಿನ್‌ನಲ್ಲಿ 0.3ರ ಆಸುಪಾಸಿಗೂ ಇಳಿಯುತ್ತದೆ. ಶುದ್ಧ ತಾಮ್ರದ ನಡತೆ ಇದಕ್ಕೆ ವಿರುದ್ಧ; ತಣ್ಣಗಾದಂತೆ ಅದರ ವಾಹಕತೆ ಏರುತ್ತ 20 ಕೆಲ್ವಿನ್ ಸುಮಾರಿನಲ್ಲಿ ಶಿಖರ ಮುಟ್ಟಿ, ಆಮೇಲಷ್ಟೇ ಇಳಿಯತೊಡಗುತ್ತದೆ. ಆದ್ದರಿಂದ ಅತಿಶೀತ ಯಂತ್ರಗಳ ಲೆಕ್ಕದಲ್ಲಿ ಒಂದು ಬಿಂದುವಿನ ಮೌಲ್ಯಕ್ಕೆ ಬೆಲೆಯಿಲ್ಲ. ಎರಡು ಉಷ್ಣತೆಗಳ ನಡುವಿನ ವಾಹಕತೆಯ ಸಮಾಕಲನವೇ, ಅಂದರೆ ಪ್ರತಿ ಡಿಗ್ರಿಯ ವಾಹಕತೆಯನ್ನು ಕೂಡಿಸಿದ ಮೊತ್ತವೇ, ನಮಗೆ ಬೇಕು.

ಆ ಸಮಾಕಲನ ಉಕ್ಕಿಗೆ 300ರಿಂದ 4 ಕೆಲ್ವಿನ್‌ವರೆಗೆ ಮೀಟರಿಗೆ ಸುಮಾರು 3,000 ವ್ಯಾಟ್. 77ರಿಂದ 4ರವರೆಗೆ ಅದರ ಹತ್ತನೇ ಒಂದರಷ್ಟು ಮಾತ್ರ. ಅಂದರೆ ತಣ್ಣನೆಯ ಭಾಗವನ್ನು ಹೊತ್ತ ಆಧಾರಕಂಬದ ನಡುವೆ ಎಲ್ಲಾದರೂ 77 ಕೆಲ್ವಿನ್‌ನಲ್ಲಿ ಶಾಖವನ್ನು ತಡೆದು ಹೊರಗೆ ಸಾಗಿಸಿದರೆ, ಹೀಲಿಯಂವರೆಗೆ ತಲಪುವ ಶಾಖ ಬಹುಪಾಲು ಕಡಿಮೆಯಾಗುತ್ತದೆ. ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ ಕಣವೇಗವರ್ಧಕದಲ್ಲಿ 1.9 ಕೆಲ್ವಿನ್‌ನಲ್ಲಿರುವ ಕಾಂತಗಳನ್ನು ಹೊತ್ತಿರುವ ಗಾಜಿನನಾರು-ಎಪಾಕ್ಸಿ ಕಂಬಗಳಲ್ಲಿ ಇಂಥ ಎರಡು ತಡೆಗಳಿವೆ. 4 ಕೆಲ್ವಿನ್ ಮಟ್ಟದಲ್ಲಿ ಸೇರಿಕೊಂಡ ಒಂದು ವ್ಯಾಟ್ ಶಾಖವನ್ನು ಹೊರಹಾಕಲು ಶೀತಕಯಂತ್ರಕ್ಕೆ ಇನ್ನೂರು ವ್ಯಾಟ್‌ಗೂ ಹೆಚ್ಚು ವಿದ್ಯುತ್ ಬೇಕಾಗುವುದರಿಂದ ಈ ಜಿಪುಣತನ ಅನಿವಾರ್ಯ. (ಅದೇ ಕಾಂತಗಳ ಹೊರಕವಚವನ್ನು ಸುರಂಗದ ನೆಲದ ಮೇಲೆ ಎತ್ತಿ ಹಿಡಿದಿರುವ ಜ್ಯಾಕ್‌ಗಳು ಭಾರತದಲ್ಲಿ ತಯಾರಾದವು ಎಂಬುದನ್ನು ಇಲ್ಲಿ ನೆನೆಯಬಹುದು.)

ವಿಶಿಷ್ಟೋಷ್ಣದ ಬಗ್ಗೆ, ಅಂದರೆ ವಸ್ತುವನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖದ ಬಗ್ಗೆ, ಒಂದೇ ಮಾತು. 1912ರಲ್ಲಿ ಭೌತವಿಜ್ಞಾನಿ ಪೀಟರ್ ಡಿಬೈ ತೋರಿಸಿದಂತೆ, ಅತಿ ಕಡಿಮೆ ಉಷ್ಣತೆಯಲ್ಲಿ ಘನವಸ್ತುವಿನ ಪರಮಾಣು ಜಾಲಕದ ವಿಶಿಷ್ಟೋಷ್ಣ ಉಷ್ಣತೆಯ ಘನಕ್ಕೆ ಅನುಗುಣವಾಗಿ ಕುಸಿಯುತ್ತದೆ. 4 ಕೆಲ್ವಿನ್‌ನ ತಾಮ್ರಕ್ಕೆ ಕೋಣೆಯ ತಾಮ್ರದ ಸಾವಿರದಲ್ಲೊಂದು ಪಾಲು ಶಾಖಧಾರಣಶಕ್ತಿಯೂ ಉಳಿದಿರುವುದಿಲ್ಲವಾದ್ದರಿಂದ ತೀರ ಅಲ್ಪ ಘರ್ಷಣೆಯೂ ಅದನ್ನು ಬಿಸಿಮಾಡಬಲ್ಲದು.

ನನ್ನ ದೃಷ್ಟಿಯಲ್ಲಿ ವಿನ್ಯಾಸಕಾರನನ್ನು ಹೆಚ್ಚು ಕಾಡುವುದು ಸಂಕೋಚನ. ಕೋಣೆಯಿಂದ 4 ಕೆಲ್ವಿನ್‌ಗೆ ಇಳಿಯುವಷ್ಟರಲ್ಲಿ ಸ್ಟೇನ್‌ಲೆಸ್ ಉಕ್ಕು ಶೇ. 0.3ರಷ್ಟು, ಅಲ್ಯೂಮಿನಿಯಂ ಶೇ. 0.4ರಷ್ಟು, ಟೆಫ್ಲಾನ್ ಶೇ. 2ರಷ್ಟು ಕುಗ್ಗುತ್ತವೆ, ಇನ್ವಾರ್ ಎಂಬ ಕಬ್ಬಿಣ-ನಿಕಲ್ ಮಿಶ್ರಲೋಹ ಶೇ. 0.05ನ್ನೂ ದಾಟುವುದಿಲ್ಲ. ಲೋಹಗಳಲ್ಲಿ ಈ ಕುಗ್ಗುವಿಕೆಯ ಹತ್ತರಲ್ಲಿ ಒಂಬತ್ತು ಪಾಲು 77 ಕೆಲ್ವಿನ್‌ಗೇ ಮುಗಿದಿರುವುದರಿಂದ, ಜೋಡಣೆಯೊಂದನ್ನು ಪರೀಕ್ಷಿಸಲು ಅಗ್ಗದ ದ್ರವ ಸಾರಜನಕವೇ ಬಹುಮಟ್ಟಿಗೆ ಸಾಕು. ಇಸ್ರೋದ ಎಲ್‌ವಿಎಂ3 ರಾಕೆಟ್ಟಿನ ಸಿ25 ಹಂತದಂಥ 4 ಮೀಟರ್ ವ್ಯಾಸದ ಅಲ್ಯೂಮಿನಿಯಂ ರಚನೆ ದ್ರವ ಜಲಜನಕದ 20 ಕೆಲ್ವಿನ್‌ಗೆ ಇಳಿದರೆ ವ್ಯಾಸದಲ್ಲಿ ಸುಮಾರು 16 ಮಿಲಿಮೀಟರ್ ಕಳೆದುಕೊಳ್ಳುತ್ತದೆ. ಅದಕ್ಕೆ ಸೇರಿದ ಹೊರಭಾಗಗಳು ಅಷ್ಟು ತಣ್ಣಗಾಗದೆ ಇರುವುದರಿಂದ ಒತ್ತಡವೆಲ್ಲ ಸೇರುವೆಯ ಮೇಲೆ ಬೀಳುತ್ತದೆ.

ಕೊಲೈಡರ್‌ನಲ್ಲಿ ಸುಮಾರು 15 ಮೀಟರ್ ಉದ್ದದ ಪ್ರತಿ ದ್ವಿಧ್ರುವ ಕಾಂತ (ಕಣಗಳ ಕಿರಣವನ್ನು ಬಾಗಿಸುವ ಕಾಂತ) 45 ಮಿಲಿಮೀಟರಿನಷ್ಟು ಗಿಡ್ಡವಾಗುತ್ತದೆ. ಎರಡು ಕಾಂತಗಳ ನಡುವೆ ಹೀಗೆ ತೆರೆದುಕೊಳ್ಳುವ ಅಂತರದಲ್ಲಿಯೂ ಕಿರಣನಾಳದ, ಅಂದರೆ ಕಣಗಳ ಕಿರಣ ಹಾಯುವ ಕೊಳವೆಯ, ವಿದ್ಯುತ್ ಸಂಪರ್ಕ ತಪ್ಪದಿರಲೆಂದು ಜಾರುವ ಲೋಹಬೆರಳುಗಳನ್ನು ಅಳವಡಿಸಿದ್ದರು. 2007ರಲ್ಲಿ ಒಂದು ವಿಭಾಗವನ್ನು ತಂಪಾಗಿಸಿ ಮತ್ತೆ ಕೋಣೆಯ ಉಷ್ಣತೆಗೆ ತಂದಾಗ, ಮರಳಿ ಉದ್ದವಾದ ಕಾಂತಗಳು ಕೆಲವೆಡೆ ಆ ಬೆರಳುಗಳನ್ನು ನಾಳದೊಳಕ್ಕೆ ಬಾಗಿಸಿಬಿಟ್ಟವು. ಹಾಳಾದ ಜೋಡಣೆ ಯಾವುದೆಂದು ತಿಳಿಯಲು ಎಲ್ಲವನ್ನೂ ಕತ್ತರಿಸಿ ನೋಡುವ ಬದಲು, ಪಿಂಗ್‌ಪಾಂಗ್ ಚೆಂಡಿನ ಗಾತ್ರದ ಗೋಳದಲ್ಲಿ ರೇಡಿಯೋ ಪ್ರೇಷಕವನ್ನಿಟ್ಟು ಗಾಳಿಯ ಬಲದಿಂದ ನಾಳದೊಳಗೆ ಓಡಿಸಿ, ಅದು ಎಲ್ಲಿ ತಡೆದು ನಿಂತಿತೆಂಬುದನ್ನು ಕಿರಣದ ಸ್ಥಾನ ಅಳೆಯಲೆಂದೇ ಇದ್ದ ಸಂವೇದಕಗಳಿಂದ ಪತ್ತೆಹಚ್ಚಿದರು.