ಆನೆಗೂ ಒಂದು ಮಗ್ಗಿ: ಚೆಸ್ ಪ್ರೋಗ್ರಾಮ್‌ಗೆ ಫಾಸ್ಟ್ ಮೂವ್ ಜನರೇಟರ್ ಬರೆಯೋದು ಹೇಗೆ

[ಸ್ಕ್ರೀನ್: ಚೆಸ್ ಬೋರ್ಡ್, ಡಿ4ನಲ್ಲಿ ಆನೆ, ಡಿ7ನಲ್ಲಿ ಒಂದು ಕಾಲಾಳು]

ನಮಸ್ಕಾರ ಎಲ್ರಿಗೂ. ಈ ಆನೆ ಎಲ್ಲೆಲ್ಲಿ ಹೋಗ್ಬಹುದು ಅಂತ ಕೇಳಿದ್ರೆ ನೀವು ನೋಡಿದ ತಕ್ಷಣ ಹೇಳ್ತೀರ. ಪ್ರೋಗ್ರಾಮ್‌ಗೆ ಹಾಗಾಗಲ್ಲ, ಒಂದೊಂದೇ ಮನೆ ತಟ್ಟಿ ಕೇಳ್ಕೊಂಡು ಹೋಗ್ಬೇಕು, ಡಿ5 ಖಾಲಿನಾ, ಡಿ6 ಖಾಲಿನಾ, ಡಿ7ನಲ್ಲಿ ಯಾರೋ ಇದಾರೆ, ನಮ್ಮೋರಾ ಎದುರಾಳಿನಾ, ಸರಿ ಇಲ್ಲಿಗೆ ನಿಲ್ಸು, ಈಗ ಎಡಗಡೆ ಹೋಗು, ಆಮೇಲೆ ಬಲಗಡೆ, ಆಮೇಲೆ ಕೆಳಗೆ. ಹೀಗೆ ಕಾಯಿಗಳ ನಡೆನೆಲ್ಲಾ ಪಟ್ಟಿ ಮಾಡೋ ಕೋಡೇ ಮೂವ್ ಜನರೇಟರ್. ಒಂದ್ಸಲಕ್ಕಾದ್ರೆ ಇದೇನು ದೊಡ್ಡ ಕೆಲ್ಸ ಅಲ್ಲ.

[ಸ್ಕ್ರೀನ್: ಸಂಖ್ಯೆಗಳು ಒಂದರ ಕೆಳಗೊಂದು]

ಆದ್ರೆ ಆಟ ಶುರುವಾದಾಗ ಬಿಳಿಗೆ 20 ನಡೆ ಇರುತ್ತೆ, ಕಪ್ಪು ಉತ್ತರ ಕೊಟ್ಮೇಲೆ 400 ದಾರಿ, ಮೂರನೇ ನಡೆಗೆ 8,902, ನಾಲ್ಕಕ್ಕೆ 1,97,281, ಐದಕ್ಕೆ 48,65,609, ಆರಕ್ಕೆ ಬರೋವಷ್ಟರಲ್ಲಿ 11,90,60,324. ಇಷ್ಟು ಸಲ ಆ ಬಾಗಿಲು ತಟ್ಟೋ ಲೂಪ್ ಓಡ್ಬೇಕು ಅಂದ್ರೆ ಅಲ್ಲೇ ಟೈಮೆಲ್ಲಾ ಹೋಗುತ್ತೆ. ತುಂಬಾ ಜನ ಇಲ್ಲಿ ಮಾಡೋ ಕೆಲ್ಸ ಏನಂದ್ರೆ ಆ ಲೂಪ್‌ನೇ ಚೂರು ಚೂರು ತಿದ್ದೋದು. ನನ್ ಪ್ರಕಾರ ಆ ಲೂಪೇ ಬೇಡ. ನಾವು ಏಳೆಂಟ್ಲಿ ಐವತ್ತಾರು ಅಂತ ಹೇಳುವಾಗ ಏಳನ್ನ ಎಂಟು ಸಲ ಕೂಡ್ತೀವಾ? ಇಲ್ಲ, ಮಗ್ಗಿ ಬಾಯಿಪಾಠ ಆಗಿದೆ. ಆನೆಗೂ ಹಾಗೇ ಒಂದು ಮಗ್ಗಿ ಬರ್ದಿಡ್ಬೇಕು.

ಅದಕ್ಕೆ ಮೊದ್ಲು ಬೋರ್ಡ್‌ನ ಇಡೋ ರೀತಿನೇ ಬದಲಾಗ್ಬೇಕು. 64 ಮನೆ, 64 ಬಿಟ್. ಎ1 ಅಂದ್ರೆ 0ನೇ ಬಿಟ್, ಬಿ1 ಅಂದ್ರೆ 1ನೇ ಬಿಟ್, ಹೀಗೆ ಅಡ್ಡಸಾಲು ಅಡ್ಡಸಾಲಾಗಿ ಹೋಗಿ ಎಚ್8 ಅಂದ್ರೆ 63ನೇ ಬಿಟ್, ಕಾಯಿ ಇದ್ರೆ 1 ಇಲ್ದಿದ್ರೆ 0. ಇದೇ ಬಿಟ್‌ಬೋರ್ಡ್. 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಶಿಪ್ ಗೆದ್ದ ಸೋವಿಯತ್ ಪ್ರೋಗ್ರಾಮ್ ಕೈಸ್ಸಾ ಆಗ್ಲೇ ಇದನ್ನ ಬಳಸ್ತಿತ್ತು, ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯೋರೂ ತಮ್ಮ ಚೆಸ್ 4 ಸರಣಿಯಲ್ಲಿ ಬಳಸಿದ್ರು, ಆದ್ರೆ ಅದು ಓಡ್ತಿದ್ದ ಸಿಡಿಸಿ 6600 ಕಂಪ್ಯೂಟರ್‌ನ ಒಂದು ವರ್ಡ್, ಅಂದ್ರೆ ಅದು ಒಂದೇ ಸಲಕ್ಕೆ ಹಿಡಿಯೋ ಸಂಖ್ಯೆ, 60 ಬಿಟ್, ನಾಲ್ಕೇ ನಾಲ್ಕು ಮನೆ ಸಾಲ್ತಿರ್ಲಿಲ್ಲ! ಇವತ್ತು ನಮ್ ಮೊಬೈಲ್‌ನಲ್ಲೂ 64 ಬಿಟ್ ಒಂದೇ ರಿಜಿಸ್ಟರ್‌ನಲ್ಲಿ ಕೂರುತ್ತೆ.

[ಸ್ಕ್ರೀನ್: ಎಂಟು ಕಾಲಾಳು ಒಟ್ಟಿಗೆ ಒಂದು ಮನೆ ಮುಂದೆ]

ಇದರ ಮಜಾ ನೋಡಿ. ಬಿಳಿ ಕಾಲಾಳುಗಳ ಸಂಖ್ಯೆನ ಎಡಕ್ಕೆ 8 ಶಿಫ್ಟ್ ಮಾಡಿ, ಅಂದ್ರೆ ಎಲ್ಲಾ ಬಿಟ್‌ನೂ 8 ಜಾಗ ಸರಿಸಿ, ಖಾಲಿ ಮನೆಗಳ ಜೊತೆ ಆ್ಯಂಡ್ ಮಾಡಿ, ಅಂದ್ರೆ ಎರಡರಲ್ಲೂ 1 ಇರೋದನ್ನ ಮಾತ್ರ ಉಳಿಸಿ, ಅಷ್ಟೇ, ಎಂಟೂ ಕಾಲಾಳುಗಳ ಒಂದ್ಮನೆ ನಡೆ ಒಂದೇ ಏಟಿಗೆ ಸಿಕ್ತು.

ಕುದುರೆಗೆ ಅದು ನಿಂತ ಮನೆ ನಂಬರ್‌ಗೆ 6, 10, 15, 17 ಕೂಡಿದ್ರೆ, ಅದರಿಂದ ಕಳೆದ್ರೆ ಸಾಕು, ಆದ್ರೆ ಇಲ್ಲಿ ನಾನು ಒಂದು ಸಂಜೆ ಪೂರ್ತಿ ಕಳೆದಿದೀನಿ. ಎ4 ಅಂದ್ರೆ 24, ಅದರಿಂದ 10 ಕಳೆದ್ರೆ 14, ಅಂದ್ರೆ ಜಿ2. ಎಡಗಡೆ ಅಂಚಲ್ಲಿದ್ದ ಕುದುರೆ ಬೋರ್ಡ್ ಸುತ್ತಿ ಬಲಗಡೆ ಬಂದ್ ಇಳೀತು. ಹೀಗೆ ಸುತ್ತಿ ಬರೋ ಅಂಚಿನ ಕಾಲಮ್‌ಗಳನ್ನ ಮಾಸ್ಕ್ ಹಾಕಿ, ಅಂದ್ರೆ ಆ ಬಿಟ್‌ಗಳನ್ನ 0 ಮಾಡಿ, ಅಳಿಸ್ಲೇಬೇಕು. ಮತ್ತೆ ಇದನ್ನೂ ಪ್ರತಿ ಸಲ ಲೆಕ್ಕ ಹಾಕೋದ್ ಬೇಡ, 64 ಮನೆಗೂ ಪ್ರೋಗ್ರಾಮ್ ಶುರುವಾದಾಗ್ಲೇ ಟೇಬಲ್ ಮಾಡಿಟ್ರೆ ಮುಗೀತು. ರಾಜನಿಗೂ ಇದೇ.

[ಸ್ಕ್ರೀನ್: ಮತ್ತೆ ಡಿ4 ಆನೆ, ಹತ್ತು ಮನೆ ಬಣ್ಣದಲ್ಲಿ]

ಈಗ ಆನೆ. ಇದರ ಕಷ್ಟ ಏನಂದ್ರೆ ಉತ್ತರ ಬರೀ ಮನೆ ಮೇಲೆ ನಿಂತಿಲ್ಲ, ದಾರಿಲಿ ಯಾರಿದಾರೆ ಅನ್ನೋದ್ರ ಮೇಲೂ ನಿಂತಿದೆ. ಆದ್ರೆ ಎಷ್ಟು ಮನೆ ಮುಖ್ಯ ಎಣಿಸಿ. ಮೇಲೆ ಕೆಳಗೆ ಡಿ2, ಡಿ3, ಡಿ5, ಡಿ6, ಡಿ7, ಅಡ್ಡಕ್ಕೆ ಬಿ4, ಸಿ4, ಇ4, ಎಫ್4, ಜಿ4. ಹತ್ತೇ. ಕೊನೆ ಮನೆಗಳು ಲೆಕ್ಕಕ್ಕಿಲ್ಲ, ಯಾಕಂದ್ರೆ ಡಿ8ನಲ್ಲಿ ಕಾಯಿ ಇರ್ಲಿ ಬಿಡ್ಲಿ ಆನೆ ಕಣ್ಣು ಅಲ್ಲಿವರೆಗೂ ಹೋಗುತ್ತೆ, ಅದರಾಚೆ ಮನೆನೇ ಇಲ್ಲ. ಹತ್ತು ಮನೆ ಅಂದ್ರೆ 1,024 ಥರ ಜೋಡಣೆ, ಅಷ್ಟಕ್ಕೂ ಉತ್ತರ ಬರ್ದಿಟ್ಕೊಳ್ಳಿ. ಮೂಲೆಯಲ್ಲಿ ನಿಂತ್ರೆ 12 ಮನೆ, 4,096 ಜೋಡಣೆ. 64 ಮನೆಗೂ ಕೂಡಿದ್ರೆ 1,02,400 ಉತ್ತರ, ಒಂದಕ್ಕೆ 8 ಬೈಟ್ ಅಂದ್ರೆ 800 ಕೆಬಿ. ಒಂಟೆಗೆ 5,248 ಉತ್ತರ, 41 ಕೆಬಿ ಅಷ್ಟೇ. ರಾಣಿಗೆ ಬೇರೆ ಟೇಬಲ್ ಬೇಡ, ಆನೆದೂ ಒಂಟೆದೂ ಸೇರಿಸಿದ್ರೆ ರಾಣಿ.

ಆದ್ರೆ ಮಗ್ಗಿಲಿ ಸರಿಯಾದ ಸಾಲು ಹುಡುಕೋದ್ ಹೇಗೆ? ಆ ಹತ್ತು ಬಿಟ್ 64ರಲ್ಲಿ ಅಲ್ಲೊಂದು ಇಲ್ಲೊಂದು ಚೆಲ್ಲಿರುತ್ತೆ, ಅದನ್ನ 0ಯಿಂದ 1,023ರ ಒಳಗಿನ ಒಂದು ನಂಬರ್ ಮಾಡ್ಬೇಕು. ಇಲ್ಲಿಗೆ ಬರೋದೇ ಮ್ಯಾಜಿಕ್ ನಂಬರ್. ಬರೀ ಒಂದು ಗುಣಾಕಾರ! ಸರಿಯಾದ ಸಂಖ್ಯೆಯಿಂದ ಗುಣಿಸಿದ್ರೆ ಬೇಕಾದ ಮಾಹಿತಿ ಮೇಲಿನ ಹತ್ತು ಬಿಟ್‌ಗೆ ಬಂದು ಕೂರುತ್ತೆ, 54 ಬಲಕ್ಕೆ ಶಿಫ್ಟ್ ಮಾಡಿದ್ರೆ ಸಾಲಿನ ನಂಬರ್ ಕೈಗೆ. ಆ ಸಂಖ್ಯೆನ ಯಾವ ಸೂತ್ರನೂ ಕೊಡಲ್ಲ, 1 ಆಗಿರೋ ಬಿಟ್‌ಗಳು ಕಡಿಮೆ ಇರೋ ರ್‍ಯಾಂಡಮ್ ಸಂಖ್ಯೆಗಳನ್ನ ಒಂದಾದ್ಮೇಲೊಂದು ಹಾಕಿ ನೋಡ್ತೀವಿ, ಎರಡು ಬೇರೆ ಬೇರೆ ಉತ್ತರ ಒಂದೇ ಸಾಲಿಗೆ ಬಂದ್ರೆ ಎಸೀತೀವಿ, ಒಂದೇ ಉತ್ತರದ ಎರಡು ಜೋಡಣೆ ಒಂದೇ ಸಾಲಿಗೆ ಬಂದ್ರೆ ಮಾತ್ರ ಪರ್ವಾಗಿಲ್ಲ. ಮೊದಲ ಸಲ ಇದು ಕೆಲ್ಸ ಮಾಡಿದ್ ನೋಡಿದಾಗ ನಂಗೆ ರಾತ್ರಿ ನಿದ್ದೆ ಬಂದಿಲ್ಲ, ಅಷ್ಟು ಖುಷಿ.

2013ರ ಇಂಟೆಲ್ ಹ್ಯಾಸ್‌ವೆಲ್ ಪ್ರೊಸೆಸರ್‌ನಿಂದ ಪೆಕ್ಸ್ಟ್ ಅಂತ ಒಂದು ಇನ್‌ಸ್ಟ್ರಕ್ಷನ್ ಇದೆ, ಚೆಲ್ಲಿದ ಬಿಟ್‌ಗಳನ್ನ ಅದೇ ಒಟ್ಟುಮಾಡುತ್ತೆ, ಮ್ಯಾಜಿಕ್ಕೇ ಬೇಡ. ಆದ್ರೆ ಎಎಂಡಿಲಿ ಜೆನ್ 3ಗಿಂತ ಹಳೇದಿದ್ರೆ ಅದು ತುಂಬಾ ನಿಧಾನ, ಅಂಥ ಮಷೀನ್‌ಗೆ ಗುಣಾಕಾರನೇ ಇಟ್ಕೊಳ್ಳಿ.

[ಸ್ಕ್ರೀನ್: ಬಿಳಿ ರಾಜ ಎ5, ಕಾಲಾಳು ಬಿ5, ಇ2, ಜಿ2, ಆನೆ ಬಿ4, ಕಪ್ಪು ರಾಜ ಎಚ್4, ಆನೆ ಎಚ್5, ಕಾಲಾಳು ಸಿ7, ಡಿ6, ಎಫ್4]

ಫಾಸ್ಟ್ ಆಯ್ತು, ಸರಿ ಇದ್ಯಾ? ಅದನ್ನ ನೋಡೋಕೆ ಪರ್ಫ್ಟ್ ಅಂತ ಒಂದು ಟೆಸ್ಟ್, ಇಷ್ಟು ಆಳಕ್ಕೆ, ಅಂದ್ರೆ ಎರಡೂ ಕಡೆದು ಸೇರಿ ಇಷ್ಟು ನಡೆ ಮುಂದಕ್ಕೆ, ಎಷ್ಟು ದಾರಿ ಅಂತ ಎಣಿಸಿ ಗೊತ್ತಿರೋ ಉತ್ತರದ ಜೊತೆ ಹೋಲಿಸೋದು. ಈ ಪೊಸಿಷನ್‌ನಲ್ಲಿ ಆಳ ಎರಡಕ್ಕೆ 191 ಬರ್ಬೇಕು. ನಂಗೆ 193 ಬರ್ತಿತ್ತು. ಬಿಳಿ ಇ2ಯಿಂದ ಇ4ಗೆ ಹೋಗುತ್ತೆ, ಕಪ್ಪು ಕಾಲಾಳು ಎಫ್4ಯಿಂದ ಎನ್ ಪಾಸಾಂಟ್‌ನಲ್ಲಿ, ಅಂದ್ರೆ ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಕಾಲಾಳನ್ನ ತಕ್ಷಣ ಹೊಡೆಯೋ ನಿಯಮದಲ್ಲಿ, ಅದನ್ನ ಹೊಡೆದು ಇ3ಗೆ ಬರುತ್ತೆ. ನಾಲ್ಕನೇ ಸಾಲು ನೋಡಿ ಈಗ, ಎರಡು ಕಾಲಾಳೂ ಒಟ್ಟಿಗೆ ಮಾಯ, ಬಿ4 ಆನೆ ನೇರವಾಗಿ ಎಚ್4 ರಾಜನ ಮೇಲೆ! ನಡುವೆ ಒಂದೇ ಕಾಯಿ ಇದ್ರೆ ಪಿನ್, ಅಂದ್ರೆ ಅದು ಸರಿದ್ರೆ ರಾಜನಿಗೆ ಏಟು, ಅಂತ ಹಿಡಿಯೋ ಕೋಡ್‌ಗೆ ಇದು ಕಾಣ್ಲೇ ಇಲ್ಲ, ಯಾಕಂದ್ರೆ ಇಲ್ಲಿ ನಡುವೆ ಇದ್ದಿದ್ದು ಎರಡು. ಜಿ2ಯಿಂದ ಜಿ4ಗೆ ಹೋದ್ರೂ ಇದೇ ಕಥೆ. ಆ ಎರಡೇ ಎರಡು ಹೆಚ್ಚಿಗೆ.

ಹಾಗಾಗಿ ಎನ್ ಪಾಸಾಂಟ್‌ಗೆ ಮಾತ್ರ ನಾನು ಬೇರೆ ದಾರಿ ಹಿಡಿದೆ. ಎರಡೂ ಕಾಲಾಳನ್ನ ಅವುಗಳ ಮನೆಯಿಂದ ತೆಗೆದು, ಹೊಡೆದ ನಮ್ಮ ಕಾಲಾಳನ್ನ ಹೊಸ ಮನೆಲಿಟ್ಟು, ರಾಜನ ಮನೆಯಿಂದ ಆನೆ ಮಗ್ಗಿ, ಒಂಟೆ ಮಗ್ಗಿ ಎರಡನ್ನೂ ಕೇಳ್ತೀನಿ, ಆ ದಾರಿಲಿ ಎದುರಾಳಿ ಆನೆನೋ ಒಂಟೆನೋ ರಾಣಿನೋ ಸಿಕ್ರೆ ಆ ನಡೆ ಬಿಡ್ತೀನಿ. ಅಪರೂಪದ ನಡೆ, ಸ್ವಲ್ಪ ನಿಧಾನ ಆದ್ರೂ ನಷ್ಟ ಇಲ್ಲ.

[ಸ್ಕ್ರೀನ್: ಟರ್ಮಿನಲ್]

ಈಗ ಓಡಿಸ್ತೀನಿ ನೋಡಿ. 14. 191. 2,812. 43,238. 6,74,624. ಆಳ ಆರು, 1,10,30,083.